ವಿಸ್ಕಿ ಬಿದ್ದ ಹಾಲಿಗೆ ಎಷ್ಟು ಡಿಗ್ರಿ

ವಿಸ್ಕಿಗೆ ಹಾಲು ಬೆರೆಸಿ ಕುಡಿಯುತ್ತಾರೆ ಎಂದು ನನಗೆ ಮೊದಲು ಹೇಳಿದವರು ನನ್ನ ಭಾವ. ನಾನು ನಂಬಲಿಲ್ಲ. ಹಾಲಿನ ವಿಷಯದಲ್ಲಿ ನಾನು ಯಾರನ್ನೂ ನಂಬುವುದಿಲ್ಲ. ನನಗೆ ಸಂಬಳ ಕೊಡುವುದೇ ಅದಕ್ಕೆ.

ನಮ್ಮೂರ ಡೈರಿಯಲ್ಲಿ ನಾನು ಟೆಸ್ಟರ್. ನಂಜನಗೂಡಿನ ಕಡೆಯಿಂದ ನರಸೀಪುರಕ್ಕೆ ಹೋಗುವಾಗ ಸುತ್ತೂರು ದಾಟಿ ಸ್ವಲ್ಪ ಒಳಗೆ ತಿರುಗಿದರೆ ನಮ್ಮೂರು. ದಿನಕ್ಕೆ ಎರಡು ಹೊತ್ತು ಜನ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುತ್ತಾರೆ. ನಾನು ಅವರ ಹಾಲನ್ನು ಉದ್ದನೆಯ ಜಾಡಿಗೆ ಸುರಿದು ಅದರೊಳಗೆ ಲ್ಯಾಕ್ಟೋಮೀಟರ್ ಎಂಬ ಗಾಜಿನ ಕಡ್ಡಿಯನ್ನು ಬಿಡುತ್ತೇನೆ. ಕಡ್ಡಿ ಮೇಲೆ ನಿಂತರೆ ಹಾಲು ಗಟ್ಟಿ, ಕೆಳಗಿಳಿದರೆ ನೀರು. ಇಪ್ಪತ್ತಾರು ಡಿಗ್ರಿಗಿಂತ ಕೆಳಗೆ ಬಂದರೆ ಕ್ಯಾನು ವಾಪಸ್. ಈಗ ಕಂಪ್ಯೂಟರ್ ಮಿಷನ್ ಬಂದಿದೆ, ಕೊಬ್ಬು ಗಿಬ್ಬು ಎಲ್ಲವನ್ನೂ ಅದೇ ಹೇಳುತ್ತದೆ. ಆದರೂ ನಾನು ಕಡ್ಡಿ ಬಿಟ್ಟಿಲ್ಲ. ಮಿಷನ್ ಕೀ ಎಂದು ಸದ್ದು ಮಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಕಡ್ಡಿ ಇಳಿಯುವಾಗ ಮಾತ್ರ ಇಡೀ ಸಾಲು ಉಸಿರು ಬಿಗಿಹಿಡಿಯುತ್ತದೆ. ಬೇರೆ ಎಲ್ಲಿಯೂ ನನಗಾಗಿ ಯಾರೂ ಉಸಿರು ಬಿಗಿಹಿಡಿದದ್ದಿಲ್ಲ, ಹಾಗಾಗಿ ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಅಕ್ಕನ ವಿಷಯ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಬರೀ ಕುಡುಕನ ಕಥೆಯಾಗಿಬಿಡುತ್ತದೆ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅದೇ ಊರಿಗೆ ಸೊಸೆಯಾಗಿ ಎರಡು ಬೀದಿ ಆಚೆ ಇದ್ದಾಳೆ. ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಸಾಲಿನಲ್ಲಿ ಬಂದು ಕ್ಯಾನು ಇಟ್ಟಳು. ಕಡ್ಡಿ ಇಪ್ಪತ್ತಮೂರಕ್ಕೆ ಇಳಿಯಿತು. ನಾನು ಎಲ್ಲರಿಗೂ ಕೇಳುವ ಹಾಗೆ ವಾಪಸ್ ಎಂದೆ.

"ನಾನ್ ನೀರ್ ಆಕಿಲ್ಲ ಕಣ್ಲಾ" ಎಂದಳು ಅಕ್ಕ.

"ಡಿಗ್ರಿ ಸುಳ್ಳು ಯೋಳಕಿಲ್ಲ ಕಣಕ್ಕ" ಎಂದೆ ನಾನು.

ಆ ಮಾತು ಎಷ್ಟು ಚೆನ್ನಾಗಿ ಬಂತು ಎಂದು ನನಗೇ ಖುಷಿಯಾಯಿತು. ಊರಿನಲ್ಲಿ ಹೊಗಳಿಕೆಯೋ ಹೊಗಳಿಕೆ. ಒಡಹುಟ್ಟಿದವಳನ್ನೂ ಬಿಡಲಿಲ್ಲ, ಇವನಪ್ಪ ನ್ಯಾಯಸ್ಥ ಎಂದರು. ಒಂದು ವಾರ ನಾನು ಬೀದಿಯಲ್ಲಿ ಮೆಲ್ಲಗೆ ನಡೆದೆ, ನ್ಯಾಯಸ್ಥರು ಓಡಬಾರದು ಎಂದು. ಅಕ್ಕ ಮತ್ತೆ ಡೈರಿಯ ಕಡೆ ಬರಲಿಲ್ಲ. ಅವಳ ಮನೆಯ ಹಾಲನ್ನು ಭಾವ ಮೊಪೆಡ್ಡಿಗೆ ಕಟ್ಟಿಕೊಂಡು ನರಸೀಪುರದ ಒಂದು ಹೋಟೆಲಿಗೆ ಹಾಕತೊಡಗಿದರು.

ನಮ್ಮ ಕಡೆ ಮಾತು ಬಿಟ್ಟವರು ಮೂಗರಾಗುವುದಿಲ್ಲ. ಗೋಡೆಗೆ ಹೇಳುತ್ತಾರೆ, ಕೋಳಿಗೆ ಹೇಳುತ್ತಾರೆ. ನಾನು ಅವಳ ಮನೆ ಮುಂದೆ ಹಾದುಹೋದರೆ ಅಕ್ಕ ತನ್ನ ಎಮ್ಮೆಗೆ ಹೇಳುತ್ತಿದ್ದಳು: "ಬಂದ ನೋಡವ್ವ ನ್ಯಾಯಸ್ಥ, ದಾರಿ ಬುಡು." ಎಮ್ಮೆ ದಾರಿ ಬಿಡುತ್ತಿರಲಿಲ್ಲ. ನಾನೇ ಪಕ್ಕಕ್ಕೆ ಸರಿದು ಹೋಗುತ್ತಿದ್ದೆ. ಒಂಬತ್ತು ವರ್ಷದಲ್ಲಿ ಅವಳು ನನ್ನ ಮುಖ ನೋಡಿ ಒಂದು ಮಾತೂ ಆಡಲಿಲ್ಲ. ಇದು ನನ್ನನ್ನು ಎಷ್ಟು ಕೊರೆಯುತ್ತಿತ್ತು ಎಂದು ಯಾರಿಗೂ ಹೇಳಿರಲಿಲ್ಲ, ಹೇಳಿದರೆ ನ್ಯಾಯಸ್ಥನ ಪಟ್ಟ ಹೋಗುತ್ತದಲ್ಲ.

ಹೀಗಿರುವಾಗ ಹೋದ ಬೇಸಿಗೆಯಲ್ಲಿ ನನ್ನ ಮಗಳಿಗೆ ಮದುವೆ ಗೊತ್ತಾಯಿತು. ಮದುವಣಗಿತ್ತಿಗೆ ಮೊದಲ ಅರಿಶಿನ ಹಚ್ಚಬೇಕಾದವಳು ಸೋದರತ್ತೆ. ನನಗಿರುವುದು ಒಬ್ಬಳೇ ಅಕ್ಕ. ನನ್ನ ಹೆಂಡತಿ ಒಂದೇ ಮಾತಿನಲ್ಲಿ ಮುಗಿಸಿದಳು: "ಅತ್ಗೆ ಬಂದು ಅರಿಶಿನ ಮುಟ್ಟಗಂಟ ಮಗಳ ಮೈಗೆ ಯಾರೂ ಕೈ ಇಕ್ಕಂಗಿಲ್ಲ. ಕಳ್ಕಂಡೋರು ನೀವು, ಕರ್ಕಂಡ್ ಬನ್ನಿ." ನನಗೆ ಒಂದು ತಿಂಗಳು ಗಡುವು ಸಿಕ್ಕಿತು.

ಆ ತಿಂಗಳಲ್ಲಿ ನಾನು ಅಕ್ಕನನ್ನು ಕರೆಯುವುದು ಬಿಟ್ಟು ಹಾಲಿಗೆ ವಿಸ್ಕಿ ಬೆರೆಸುವುದನ್ನು ಕಲಿತೆ.

ತಪ್ಪು ಭಾವನದು ಎಂದು ಹೇಳಲು ನನಗೆ ಬಹಳ ಆಸೆ. ಭಾವ ಮಿಲಿಟರಿಯಿಂದ ರಿಟೈರಾಗಿ ಬಂದವರು. ಅವರು ಗಡಿಯಲ್ಲಿ ಬಂದೂಕು ಹಿಡಿದು ಹಿಮದಲ್ಲಿ ನಿಂತಿದ್ದರು ಎಂದು ಊರು ನಂಬಿದೆ. ನಿಜಕ್ಕೂ ಅವರು ಆಫೀಸರುಗಳ ಮೆಸ್ಸಿನಲ್ಲಿ ಇದ್ದರು, ಪಾನಕ ಬೆರೆಸುವ ಕೆಲಸ. ಇದನ್ನು ಅವರು ನನ್ನೊಬ್ಬನಿಗೆ ಮಾತ್ರ ಹೇಳಿದ್ದಾರೆ, ಯಾಕೆಂದರೆ ನಾನೂ ಜೀವನವಿಡೀ ದ್ರವಗಳನ್ನೇ ನೋಡಿದವನು. ಅಕ್ಕನ ಸಿಟ್ಟಿನಲ್ಲಿ ಅವರು ಪಾಲು ತೆಗೆದುಕೊಂಡಿರಲಿಲ್ಲ. "ಅದು ಅಕ್ಕ ತಮ್ಮನ ಯವಾರ, ನನ್ನ ಎಳೀಬೇಡಿ" ಎನ್ನುತ್ತಿದ್ದರು. ಮದುವೆಯ ಮಾತು ಬಂದಾಗ ಮಾತ್ರ, ಕೂತು ಯೋಚನೆ ಮಾಡೋಣ ಎಂದು ಮೈಸೂರಿನ ಮಿಲಿಟರಿ ಕ್ಯಾಂಟೀನಿನಿಂದ ತಂದ ಬಾಟಲಿ ಹಿಡಿದು ನಮ್ಮ ಮನೆಗೆ ಬಂದರು.

"ಆಫೀಸರುಗಳು ಚಳೀಲಿ ಬೆಳಿಗ್ಗೆನೇ ಕುಡಿಯೋರು. ವಿಸ್ಕಿಗೆ ಆಲು, ಮೇಲೆ ಜಾಯಿಕಾಯಿ. ಬೆಣ್ಣೆ ಇಳ್ದಂಗೆ ಇಳೀತದೆ" ಎಂದರು ಭಾವ.

"ಒಡ್ದೋಯ್ತದೆ ಬಾವ" ಎಂದೆ.

"ಕೈ ತಿಳೀದೋನು ಮಾಡುದ್ರೆ ಒಡೀತದೆ."

ಇದು ನನ್ನ ಮರ್ಯಾದೆಯ ಪ್ರಶ್ನೆಯಾಯಿತು. ಹಾಲು ನನಗೆ ತಿಳಿಯದೇ? ಅವರು ಹೋದ ಮೇಲೆ ಉಳಿದ ವಿಸ್ಕಿ ಇಟ್ಟುಕೊಂಡು ಫೋನಿನಲ್ಲಿ ವಿಡಿಯೋ ಹುಡುಕಿದೆ. ಬಿಳಿ ಏಪ್ರನ್ ಕಟ್ಟಿದ ಹೆಂಗಸೊಬ್ಬಳು ಕ್ರೀಮು ಹಾಕಿ ಎಂದಳು. ಕ್ರೀಮು ಎಂದರೆ ಕೆನೆ ಎಂದು ನಾನೇ ತೀರ್ಮಾನಿಸಿದೆ. ಒಲೆಯ ಮೇಲಿದ್ದ ಬಿಸಿಹಾಲನ್ನು ಲೋಟಕ್ಕೆ ಬಗ್ಗಿಸಿ, ಕೈಬೆರಳಿನಲ್ಲಿ ದಪ್ಪ ಕೆನೆ ಎತ್ತಿ ಹಾಕಿ, ಗಳಗಳ ವಿಸ್ಕಿ ಸುರಿದೆ. ರುಚಿಗಿರಲಿ ಎಂದು ಅರ್ಧ ನಿಂಬೆಹಣ್ಣನ್ನೂ ಹಿಂಡಿದೆ. ಇದು ವಿಡಿಯೋದಲ್ಲಿ ಇರಲಿಲ್ಲ, ಸ್ವಂತ ಬುದ್ಧಿ. ಕೆನೆ ಒದ್ದೆ ಬಟ್ಟೆಯ ಹಾಗೆ ಮೇಲೆ ತೇಲಿತು, ಕೆಳಗೆ ಹಾಲು ಒಡೆದು ಗೆಡ್ಡೆಗೆಡ್ಡೆಯಾಯಿತು. ಊರಿನವರ ಹಾಲಿನಲ್ಲಿ ತಪ್ಪು ಹುಡುಕುವ ನಾನು ಆ ಲೋಟವನ್ನು ನೋಡುತ್ತಾ ಬಹಳ ಹೊತ್ತು ಕೂತಿದ್ದೆ. ಹೆಂಡತಿ ಬಂದು ಏನಾಯಿತು ಎಂದಳು. ಹಾಲು ಹುಳಿಯಾಗಿತ್ತು ಎಂದೆ. "ನೀವೇ ಟೆಸ್ಟ್ ಮಾಡಿದ್ ಆಲಲ್ವಾ" ಎಂದು ಹೋದಳು.

ಆಮೇಲೆ ಭಾವನೇ ಕಲಿಸಿದರು. ಕಾಯಿಸಿ ಆರಿಸಿದ ಹಾಲು ಚೆನ್ನಾಗಿ ತಣ್ಣಗಿರಬೇಕು. ವಿಸ್ಕಿಗೆ ಹಾಲು ಹಾಕಬಾರದು, ಹಾಲಿಗೆ ವಿಸ್ಕಿಯನ್ನು ನೂಲಿನ ಹಾಗೆ ಬಿಡಬೇಕು, ಒಂದೇ ಕಡೆಗೆ ತಿರುವುತ್ತಿರಬೇಕು. ಜಾಯಿಕಾಯಿ ತುರಿದು ಹಾಕಿ, ಒಂದೆರಡು ಗಂಟೆ ತಣ್ಣಗಿನ ಜಾಗದಲ್ಲಿ ಇಡಬೇಕು. ಸಕ್ಕರೆ ಕಡೆಗೆ, ಕುಡಿಯುವ ಲೋಟಕ್ಕೆ. ನಾನು ಮೊದಲ ಗುಟುಕು ಕುಡಿದಾಗ ಬಾದಾಮಿ ಹಾಲು ಅನ್ನಿಸಿತು. ಎರಡನೆಯದಕ್ಕೂ ಬಾದಾಮಿ ಹಾಲೇ. ಐದನೆಯದಕ್ಕೆ ಕಿವಿ ಬೆಚ್ಚಗಾಗಿ, ಭಾವ ಬಹಳ ಒಳ್ಳೆಯ ಮನುಷ್ಯ ಎಂದು ಗೊತ್ತಾಯಿತು.

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಜನ ಹೆಂಡ ಎನ್ನುತ್ತಾರಂತೆ. ನಾವು ಅದನ್ನು ತಿರುಗಿಸಿ ಹಾಕಿದೆವು. ಹಾಡಹಗಲಿನಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ, ಸ್ಟೀಲ್ ಲೋಟದಲ್ಲಿ ಕುಡಿದೆವು. ದಾರಿಯಲ್ಲಿ ಹೋಗುವವರು ಕೈಮುಗಿದು ಹೋಗುತ್ತಿದ್ದರು. ಪಕ್ಕದ ಮನೆಯಾಕೆ ತನ್ನ ಮಕ್ಕಳಿಗೆ, "ನೋಡಿ, ಅಷ್ಟು ವಯಸ್ಸಾದ್ರೂ ಇಬ್ರೂ ಎಂಗ್ ಆಲು ಕುಡೀತಾವ್ರೆ, ನೀವು ಮೂತಿ ತಿರುಗಿಸ್ತೀರಿ" ಎಂದು ನಮ್ಮ ಕಡೆ ಕೈತೋರಿದಳು. ನಾನು ಆ ಮಕ್ಕಳಿಗೆ ಲೋಟ ಎತ್ತಿ ತೋರಿಸಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆ ಎನ್ನುತ್ತಾರೆ. ನಾನು ಕಣ್ಣು ಬಿಟ್ಟುಕೊಂಡೇ ಕುಡಿಯುತ್ತಿದ್ದೆ.

ನಾವು ಸೇರುತ್ತಿದ್ದುದು ಅಕ್ಕನನ್ನು ಹೇಗೆ ಒಲಿಸುವುದು ಎಂದು ಯೋಚಿಸಲು. ಮೊದಲ ಲೋಟಕ್ಕೆ ನನಗೆ ಅಕ್ಕನ ಮುಂದೆ ನಿಲ್ಲುವ ಧೈರ್ಯ ಇರುತ್ತಿರಲಿಲ್ಲ. ಎರಡನೆಯದಕ್ಕೆ ಧೈರ್ಯ ಬಂದು ಎದ್ದು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಆಗ ಭಾವ, ಈ ವಾಸನೆ ಇಟ್ಟುಕೊಂಡು ಹೋದರೆ ಇನ್ನೊಂಬತ್ತು ವರ್ಷ ಎಂದು ನೆನಪಿಸುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಕೂರುತ್ತಿದ್ದೆ. ಮೂರು ಭಾನುವಾರ ಹೀಗೇ ಕಳೆಯಿತು. ಅರಿಶಿನಕ್ಕೆ ಹತ್ತು ದಿನ ಉಳಿಯಿತು.

ನಾಲ್ಕನೆಯ ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಿತ್ತು. ಬೆರೆಸಿದ ಹಾಲನ್ನು ತಣ್ಣಗಿಡಲು ಬೇರೆ ಜಾಗ ಬೇಕಾಯಿತು. ನಮ್ಮ ಕೊಟ್ಟಿಗೆಯ ಹಿಂದೆ ಒಂದು ನೀರಿನ ತೊಟ್ಟಿ ಇದೆ. ಬೇಸಿಗೆಯಲ್ಲಿ ಕರೆದ ಹಾಲು ಕೆಡದಿರಲಿ ಎಂದು ಕ್ಯಾನನ್ನು ಅದರಲ್ಲಿ ಇಳಿಬಿಟ್ಟು ಮೇಲೆ ಒದ್ದೆ ಗೋಣಿತಾಟು ಹೊದಿಸುತ್ತೇವೆ. ನಾನು ಎರಡು ಲೀಟರ್ ಹಾಲಿಗೆ ಕ್ವಾರ್ಟರಿಗೂ ಕೊಂಚ ಹೆಚ್ಚೇ ವಿಸ್ಕಿ ಬೆರೆಸಿ, ಡೈರಿಗೆ ಒಯ್ಯುವ ಕ್ಯಾನಿಗೇ ಹಾಕಿ, ಆ ತೊಟ್ಟಿಯಲ್ಲಿ ಇಟ್ಟು, ಗೋಣಿ ಹೊದಿಸಿದೆ. ಅಷ್ಟರಲ್ಲಿ ಅಕ್ಕ ಹೇಳಿಕಳಿಸಿದಳೆಂದು ಭಾವ ಎದ್ದುಹೋದರು. ನಾನು ಒಂದು ನಿದ್ದೆ ತೆಗೆದು, ಎದ್ದವನೇ ಡೈರಿಗೆ ಹೊತ್ತಾಯಿತೆಂದು ಓಡಿದೆ. ಕ್ಯಾನು ನೆನಪಿಗೆ ಬರಲಿಲ್ಲ. ನ್ಯಾಯಸ್ಥರು ಓಡಬಾರದು ಎಂದದ್ದು ಇದಕ್ಕೇ ಇರಬೇಕು.

ಸಂಜೆ ಸಾಲು ಉದ್ದವಿತ್ತು. ಏಳೆಂಟು ಜನರಾದ ಮೇಲೆ ನನ್ನ ಹೆಂಡತಿ ಬಂದು ಕ್ಯಾನು ಇಟ್ಟಳು. ಅವಳ ಮುಖದಲ್ಲಿ ಒಂದು ನಗು ಇತ್ತು. ಯಾಕೆಂದು ಆಗ ತಿಳಿಯಲಿಲ್ಲ. ನಾನು ಹಾಲು ಸುರಿದು ಕಡ್ಡಿ ಬಿಟ್ಟೆ.

ಕಡ್ಡಿ ಇಳಿಯಿತು. ಇಪ್ಪತ್ತನಾಲ್ಕು.

ನಾನು ಕಡ್ಡಿ ಎತ್ತಿ, ಒರೆಸಿ, ಹಾಲನ್ನು ಬೇರೆ ಜಾಡಿಗೆ ಹೊಯ್ದು ಮತ್ತೆ ಬಿಟ್ಟೆ. ಇಪ್ಪತ್ತನಾಲ್ಕು. ಸಾಲಿನಲ್ಲಿದ್ದ ಒಬ್ಬ ಅಜ್ಜಿ ಕತ್ತು ಉದ್ದ ಮಾಡಿ, "ಏನಪ್ಪಾ, ಕಡ್ಡಿ ಕೆಟ್ಟೋಗದಾ, ಇಲ್ಲ ಆಲು ಕೆಟ್ಟೋಗದಾ?" ಎಂದಳು. ಹಿಂದೆ ಯಾರೋ ನಕ್ಕರು. ಹೆಂಡತಿಯ ನಗು ಹೋಗಿಬಿಟ್ಟಿತ್ತು. ಅವಳು ನನ್ನನ್ನೇ ನೋಡುತ್ತಾ, ಯಾರಿಗೂ ಕೇಳದಷ್ಟು ಮೆಲ್ಲಗೆ, "ನಾನು ನೀರ್ ಆಕಿಲ್ಲ" ಎಂದಳು.

ಅಂಕಿ ಸರಿಯಾಗಿ ಓದೋಣ ಎಂದು ಬಗ್ಗಿದೆ. ಜಾಯಿಕಾಯಿಯ ವಾಸನೆ ಮೂಗಿಗೆ ಬಡಿಯಿತು.

ಕಾರಣ ಗೊತ್ತಾದ ಮೇಲೂ ಮೂರನೆಯ ಸಲ ಕಡ್ಡಿ ಬಿಟ್ಟೆ. ವಿಸ್ಕಿ ನೀರಿಗಿಂತ ಹಗುರ ಎಂದು ಓದಿದ್ದವನು ನಾನು, ಆದರೂ ದೇವರು ಮನಸ್ಸು ಬದಲಾಯಿಸಬಹುದು ಎಂಬ ಆಸೆ. ಬದಲಾಯಿಸಲಿಲ್ಲ. ಆ ಅರ್ಧ ನಿಮಿಷದಲ್ಲಿ ನನ್ನ ತಲೆಯಲ್ಲಿ ಓಡಿದ್ದನ್ನು ಮುಚ್ಚಿಡುವುದಿಲ್ಲ. ಕಡ್ಡಿ ಕೆಟ್ಟಿದೆ ಎನ್ನಬಹುದಿತ್ತು. ಸುಮ್ಮನೆ ಪಾಸು ಮಾಡಿ ಊರ ಹಾಲಿಗೆಲ್ಲ ಮತ್ತೇರಿಸಬಹುದಿತ್ತು. ಇಲ್ಲವೇ ವಾಪಸ್ ಎಂದು ಕೂಗಿ, ಮನೆಗೆ ಹೋಗಿ ಹೆಂಡತಿಯ ಕಾಲು ಹಿಡಿಯಬಹುದಿತ್ತು. ಮೂರನೆಯದು ನಾಲಿಗೆಯ ತುದಿಗೆ ಬಂದಿತ್ತು. ಕಟ್ಟಿಕೊಂಡವಳನ್ನೂ ಬಿಡಲಿಲ್ಲ ಎಂದು ಊರು ಇನ್ನೊಂದು ಸಲ ಹೊಗಳುವುದು ಕೂಡ ಕಣ್ಣ ಮುಂದೆ ಬಂತು. ನಾನು ಅಂಥ ಮನುಷ್ಯ.

ಹಾಗೆ ಹೇಳಲು ಬಾಯಿ ತೆರೆದೆ. ಎದುರಿಗೆ ಹೆಂಡತಿ ನಿಂತಿದ್ದಳು. ಅದೇ ಜಾಗದಲ್ಲಿ ಅಕ್ಕ ನಿಂತು ಅದೇ ಮಾತು ಹೇಳಿದ್ದಳು. ಅಕ್ಕನ ಹಾಲಿನಲ್ಲಿ ಆವತ್ತು ಏನಿತ್ತು? ತೊಳೆದ ಕ್ಯಾನಿನಲ್ಲಿ ನೀರು ಉಳಿದಿತ್ತೋ, ಮನೆಯಲ್ಲಿ ಬೇರೆ ಯಾರ ಕೈವಾಡವಿತ್ತೋ, ಎಮ್ಮೆಗೇ ಏನಾದರೂ ಆಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ. ಡಿಗ್ರಿ ಸುಳ್ಳು ಹೇಳುವುದಿಲ್ಲ ಎಂದಿದ್ದೆ. ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಯಾರು ಏನು ಹಾಕಿದರು ಎಂದು ಅದು ಹೇಳುವುದೂ ಇಲ್ಲ.

"ಇದಕ್ಕೆ ನೀರು ಬಿದ್ದಿಲ್ಲ" ಎಂದೆ, ಎಲ್ಲರಿಗೂ ಕೇಳುವ ಹಾಗೆ. "ವಿಸ್ಕಿ ಬಿದ್ದದೆ. ಆಕ್ದೋನು ನಾನು. ಇವಳಿಗೆ ಗೊತ್ತಿಲ್ಲ."

ಸಾಲಿನ ಹಿಂದಿನಿಂದ ಒಂದು ದನಿ, ನಿಜವಾದ ಗೌರವದಿಂದ, "ಯಾವ್ದು ಸಾ, ಕ್ಯಾಂಟೀನ್ ಮಾಲಾ?" ಎಂದು ಕೇಳಿತು. ಪಕ್ಕದ ಮನೆಯಾಕೆ ತನ್ನ ಮಕ್ಕಳ ಕೈ ಹಿಡಿದುಕೊಂಡಳು. ಅಜ್ಜಿ ಮಾತ್ರ, ಹಾಲಿಗಾ, ಹಾಲಿಗಾ ಎಂದು ಎರಡು ಸಲ ಕೇಳಿ ಕೆನ್ನೆ ಬಡಿದುಕೊಂಡಳು. ಕುಡಿದದ್ದಕ್ಕೆ ಅವಳ ತಕರಾರಿರಲಿಲ್ಲ. ನಾನು ಕ್ಯಾನನ್ನು ಎತ್ತಿ ಚರಂಡಿಗೆ ಸುರಿದೆ. ಆರು ಲೀಟರು. ಕರುವಿಗೂ ಕುಡಿಸುವ ಹಾಗಿರಲಿಲ್ಲ.

ಮನೆಗೆ ಬಂದ ಮೇಲೆ ಹೆಂಡತಿ ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಜಗಲಿಯ ಮೇಲೆ ಕೂತು, "ತೊಟ್ಟೀಲಿ ಕ್ಯಾನ್ ನೋಡ್ದೆ. ಮದ್ವೆ ಕೆಲ್ಸ ಜಾಸ್ತಿ ಅಂತ ನೀವೇ ಒಂದು ಅಸ ಕರೆದು ಮಡಗಿದ್ದೀರಿ ಅಂದ್ಕಂಡೆ. ಅದ್ಕೇ ಇನ್ನೊಂದ ಮಾತ್ರ ಕರ್ದು ಆ ಕ್ಯಾನ್‌ಗೇ ಸುರ್ದೆ" ಎಂದಳು. ಅವಳು ನಗುತ್ತಾ ಬಂದದ್ದು ಅದಕ್ಕೆ. ಇಪ್ಪತ್ತೈದು ವರ್ಷದಲ್ಲಿ ನಾನು ಅವಳಿಗಾಗಿ ಒಂದು ಹಸು ಕರೆದಿಟ್ಟೆ ಎಂದು ಒಂದು ಗಂಟೆ ನಂಬಿದ್ದಳು. ಕರೆಯದೆ ಉಳಿದ ಹಸು ಕೊಟ್ಟಿಗೆಯಲ್ಲಿ ಕೂಗುತ್ತಿತ್ತು. ನಾನು ಹೋಗಿ ಕರೆದೆ. ಕೈ ಒಗ್ಗದೆ ಎರಡು ಸಲ ಒದೆಸಿಕೊಂಡೆ. ನಾಚಿಕೆಗೆ ಅದು ಸಾಲದು ಅನ್ನಿಸಿತು.

ಕೈ ತೊಳೆದವನೇ ಅಕ್ಕನ ಮನೆಗೆ ನಡೆದೆ. ಒಂದು ತೊಟ್ಟೂ ಕುಡಿಯದೆ ಹೋಗುತ್ತಿದ್ದೇನೆ ಎಂದು ಅರ್ಧ ದಾರಿಯಲ್ಲಿ ಹೊಳೆಯಿತು. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಭಾವ ಮೂಲೆಯಲ್ಲಿ ಕೂತು ಆರಿಸಿದ ಅವರೆಕಾಳನ್ನೇ ಮತ್ತೆ ಆರಿಸುತ್ತಿದ್ದರು. ಇಷ್ಟು ವಿಧೇಯರಾಗಿ ಅವರನ್ನು ಮಿಲಿಟರಿಯೂ ಕಂಡಿರಲಿಕ್ಕಿಲ್ಲ. ಅಕ್ಕ ಹೊಸಿಲಿನ ಒಳಗೆ ನಿಂತು ಗೋಡೆಗೆ ಹೇಳಿದಳು: "ಬಂದ್ರಂತೆ. ಆಲಿಗೆ ಎಂಡ ಕಲೆಸೋ ನ್ಯಾಯಸ್ಥರು."

ನಾನು ಹೊಸಿಲ ಹೊರಗೆ ನಿಂತೆ. ಮಗಳ ಅರಿಶಿನ ಎಂದು ಶುರು ಮಾಡಲು ಎಷ್ಟೋ ಮಾತು ಕಟ್ಟಿಕೊಂಡಿದ್ದೆ.

ಬಾಯಿ ತೆರೆಯುವ ಮೊದಲೇ ಅಕ್ಕ ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ಅವಳ ಕೂದಲು ಇಷ್ಟು ಬೆಳ್ಳಗಾಗಿರುವುದನ್ನು ನಾನು ಎದುರಿನಿಂದ ನೋಡಿಯೇ ಇರಲಿಲ್ಲ.

"ನಿನ್ ಎಂಡ್ರು ಆಲ್ನ ಮೂರ್ ಸಲ ನೋಡುದ್ಯಂತೆ" ಎಂದಳು. "ನಂದ ಒಂದೇ ಸಲ ನೋಡುದ್ದೆ."

ಒಂಬತ್ತು ವರ್ಷ ಅವಳು ಹಿಡಿದುಕೊಂಡಿದ್ದದ್ದು ಇದನ್ನೇ ಇರಬೇಕು, ಇನ್ನೊಂದು ಸಲ ನೋಡಬಹುದಿತ್ತಲ್ಲ ಎಂಬುದನ್ನು.

"ಒಂದೇ ಸಲ ಕಣಕ್ಕ. ತಪ್ಪಾಯ್ತು" ಎಂದೆ.

ಅವಳು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ, ಬಾ ಎಂದೂ ಅನ್ನಲಿಲ್ಲ. ನಾನು ಮನೆಗೆ ಬಂದೆ.

ಮಾರನೆಯ ಬೆಳಗ್ಗೆ ಡೈರಿಗೆ ಜನ ಎಂದಿಗಿಂತ ಹೆಚ್ಚು ಬಂದಿದ್ದರು, ಹಾಲಿಲ್ಲದವರೂ ಬಂದಿದ್ದರು. ನನ್ನ ಮುಖ ನೋಡಲು. ನಾನು ತಲೆ ಎತ್ತದೆ ಒಂದರ ಹಿಂದೆ ಒಂದು ಕ್ಯಾನು ನೋಡುತ್ತಾ ಹೋದೆ. ಒಂದು ಹಳೆಯ ಅಲ್ಯೂಮಿನಿಯಂ ಕ್ಯಾನು ಮುಂದೆ ಬಂತು. ಹಿಡಿದಿದ್ದ ಕೈಯ ಬಳೆ ನೋಡಿ ಗೊತ್ತಾಯಿತು, ಅಕ್ಕ.

ನಾನು ಕಡ್ಡಿ ಬಿಟ್ಟೆ. ಇಪ್ಪತ್ತೊಂಬತ್ತು. ಎತ್ತಿ, ಒರೆಸಿ, ಎರಡನೆಯ ಸಲ ಬಿಟ್ಟೆ. ಇಪ್ಪತ್ತೊಂಬತ್ತು. ಮೂರನೆಯ ಸಲ ಬಿಟ್ಟು, ಅಂಕಿ ಓದಲು ಬಗ್ಗಿದೆ. ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಹಾಗೇ ಬಗ್ಗಿಕೊಂಡೇ ಇದ್ದೆ.

"ಸಾಕು ಬುಡ್ಲಾ, ಜನ ಕಾಯ್ತಾವ್ರೆ" ಎಂದಳು ಅಕ್ಕ. "ಅರಿಶಿನ ಯಾವತ್ತು, ಅದ ಯೋಳು."